ಸಂಬಳ ಎಷ್ಟು ಎಂದು ಕೇಳುವ ಬಾಯಿ

ನಮ್ಮ ಸಕಲೇಶಪುರ, ಆಲೂರು ಸೀಮೆಯಲ್ಲಿ ಓದು ಮುಗಿಸಿ ಕೆಲಸಕ್ಕೆ ಹೊರಟ ಹೆಣ್ಣುಮಕ್ಕಳ ಕಿವಿಗೆ ಈಗ ಎರಡು ಬಗೆಯ ಬುದ್ಧಿಮಾತು ಬೀಳುತ್ತಿದೆ. ಒಂದು ಮನೆಯ ಹಿರಿಯರದು: "ಕೊಟ್ಟಷ್ಟು ತಗೊಂಡು ಬಾ, ಸಂಬಳದ ಮಾತು ನೀನಾಗಿ ಎತ್ತಬೇಡ, ದುರಾಸೆಯವಳು ಅಂದುಕೊಂಡಾರು." ಇನ್ನೊಂದು, ಎರಡು ವರ್ಷ ಮೊದಲೇ ಬೆಂಗಳೂರು ಸೇರಿದ ಗೆಳತಿಯದು: "ನಾಲ್ಕು ಕಡೆ ಹೂಂ ಅಂದುಬಿಡು, ಯಾರು ಜಾಸ್ತಿ ಕೊಡ್ತಾರೋ ಅಲ್ಲಿಗೆ ಹೋಗು, ಉಳಿದವರ ಫೋನು ಎತ್ತಬೇಡ. ಹಳೇ ಸಂಬಳ ಕೇಳಿದರೆ ಒಂದಿಷ್ಟು ಸೇರಿಸಿ ಹೇಳು." ಮೊದಲನೆಯದಕ್ಕೆ ಸಭ್ಯತೆ ಎಂದು ಹೆಸರು, ಎರಡನೆಯದಕ್ಕೆ ಜಾಣತನ ಎಂದು ಹೆಸರು. ಮೂವತ್ತು ವರ್ಷ ಹಳ್ಳಿ ಮಕ್ಕಳಿಗೆ ಪಾಠ ಹೇಳಿದ ನನಗೆ ಇವೆರಡೂ ಒಪ್ಪಿಗೆಯಿಲ್ಲ. ಮೊದಲನೆಯದು ಸಭ್ಯತೆಯಲ್ಲ, ಹೆದರಿಕೆ. ಎರಡನೆಯದು ಜಾಣತನವಲ್ಲ, ಆ ಹೆದರಿಕೆಯೇ ವೇಷ ಬದಲಿಸಿಕೊಂಡು ಬಂದದ್ದು. ಎದುರಿಗೆ ಕೂತು ನೇರವಾಗಿ ಮಾತಾಡಲು ಬಾರದವರು ಒಂದೋ ಬಾಯಿ ಮುಚ್ಚುತ್ತಾರೆ, ಇಲ್ಲವೇ ಬೆನ್ನು ತಿರುಗಿಸಿ ಓಡುತ್ತಾರೆ.

ಈ ಹೆದರಿಕೆ ಎಲ್ಲಿಂದ ಬಂತೆಂದು ತಿಳಿಯಲು ದೂರ ಹೋಗಬೇಕಿಲ್ಲ. ನಮ್ಮ ಗುಡ್ಡಗಳ ಕಾಫಿ ತೋಟಗಳನ್ನು ನೋಡಿದರೆ ಸಾಕು. ತೋಟದ ಕೆಲಸಕ್ಕೆ ಆಳು ಗೊತ್ತು ಮಾಡುವ ಹಳೆಯ ಕ್ರಮ ಮುಂಗಡದ್ದು. ಮೇಸ್ತ್ರಿ ಊರಿಗೆ ಹೋಗಿ ಹಣ ಕೊಟ್ಟು ಆಳು ಹಿಡಿದು ತರುತ್ತಿದ್ದ. ಹಣ ಕೈಗೆ ಬಿದ್ದ ಮೇಲೆ ಕೂಲಿ ಎಷ್ಟು ಎಂದು ಕೇಳುವುದಕ್ಕೆ ಬಾಯಿ ಎಲ್ಲಿಂದ ಬರಬೇಕು? ಮುಂಗಡವೆಂದರೆ ಮಾತು ಶುರುವಾಗುವ ಮೊದಲೇ ಬಾಯಿ ಕಟ್ಟುವ ಹಣ. ಅದಕ್ಕೆ ಬ್ರಿಟಿಷ್ ಸರಕಾರದ ಕಾನೂನಿನ ಬಲವೂ ಇತ್ತು. 1859ರಲ್ಲಿ ಬಂದ ಕಾಯ್ದೆಯೊಂದರ ಪ್ರಕಾರ, ಮುಂಗಡ ಪಡೆದು ಕೆಲಸಕ್ಕೆ ಬಾರದವನನ್ನು ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸಬಹುದಿತ್ತು. ಹಣ ಹಿಂದಿರುಗಿಸು, ಇಲ್ಲವೇ ಕೆಲಸ ಮಾಡು ಎಂಬ ಆಜ್ಞೆ ಮೀರಿದರೆ ಮೂರು ತಿಂಗಳವರೆಗೆ ಕಠಿಣ ಸಜೆ. ಧಣಿ ಮಾತಿಗೆ ತಪ್ಪಿದರೆ ಅಂಥ ಸಜೆಯಿಲ್ಲ. ಈ ಕಾಯ್ದೆ ರದ್ದಾದದ್ದು 1925ರಲ್ಲಿ. ಜೀತವನ್ನು ನಿಷೇಧಿಸುವ ಕಾಯ್ದೆ ಬರಲು ಮತ್ತೆ 1976ರವರೆಗೆ ಕಾಯಬೇಕಾಯಿತು.

ಶಿವರಾಮ ಕಾರಂತರ 'ಚೋಮನ ದುಡಿ'ಯನ್ನು ಓದಿದವರಿಗೆ, ಅಥವಾ ಬಿ.ವಿ. ಕಾರಂತರು 1975ರಲ್ಲಿ ತೆರೆಗೆ ತಂದ ಚಿತ್ರವನ್ನು ನೋಡಿದವರಿಗೆ, ಇದನ್ನು ವಿವರಿಸಿ ಹೇಳಬೇಕಾದ್ದಿಲ್ಲ. ಸಾಲ ತೀರಿಸಲೆಂದು ಚೋಮನ ಗಂಡುಮಕ್ಕಳು ಘಟ್ಟದ ಮೇಲಿನ ಕಾಫಿ ತೋಟಕ್ಕೆ ಹೋಗುತ್ತಾರೆ. ಒಬ್ಬ ಜ್ವರಕ್ಕೆ ಬಲಿಯಾಗುತ್ತಾನೆ, ಒಬ್ಬ ಮತ್ತೆ ಮನೆಗೆ ಸಿಗುವುದಿಲ್ಲ. ಕೊನೆಗೆ ಮಗಳು ಬೆಳ್ಳಿ ಹೋಗುತ್ತಾಳೆ. ಸಾಲವೇನೋ ತೀರುತ್ತದೆ, ಆದರೆ ಅದು ತೀರಿದ ಬಗೆ ಓದುಗರ ಎದೆಯಲ್ಲಿ ಮುಳ್ಳಾಗಿ ಉಳಿಯುತ್ತದೆ. ಈ ಕಾದಂಬರಿಯನ್ನು ನಮ್ಮ ವಿಮರ್ಶಕರು ಭೂಮಿಯ ಹಸಿವಿನ ಕಥೆಯೆಂದು, ಅಸ್ಪೃಶ್ಯತೆಯ ಕಥೆಯೆಂದು ಓದಿದ್ದಾರೆ, ಅದು ಸರಿಯೇ. ಹೆಂಗಸರು ಅದನ್ನು ಇನ್ನೊಂದು ಬಗೆಯಲ್ಲೂ ಓದಬೇಕೆಂದು ನನ್ನ ಅನಿಸಿಕೆ. ಅದು ಲೆಕ್ಕದ ಪುಸ್ತಕ ಒಬ್ಬರ ಕೈಯಲ್ಲೇ ಇದ್ದರೆ ಏನಾಗುತ್ತದೆ ಎಂಬುದರ ಕಥೆ. ಬೆಳ್ಳಿ ದುಡಿದದ್ದೆಷ್ಟು, ಸಾಲಕ್ಕೆ ಹೋದದ್ದೆಷ್ಟು ಎಂಬ ಲೆಕ್ಕ ಬೆಳ್ಳಿಯ ಕೈಯಲ್ಲಿಲ್ಲ. ಕೇಳುವ ಬಾಯಿ ಇಲ್ಲದ ಕಡೆ ಹೆಣ್ಣು ಕೂಲಿಗಿಂತ ಹೆಚ್ಚಿನದನ್ನು ಕಳೆದುಕೊಳ್ಳುತ್ತಾಳೆ.

ಇನ್ನು ತೋಟದ ಯಜಮಾನರ ಮಾತು. ಕೂಲಿ ಹೆಚ್ಚು ಕೇಳಿದರೆ "ಸೊಕ್ಕು ಬಂದಿದೆ" ಎನ್ನುವ ಗೌಡರು, ಹೆಗ್ಗಡೆಯವರು ನಮ್ಮಲ್ಲಿ ಇಂದಿಗೂ ಇದ್ದಾರೆ. ಅವರಿಗೆ ನಾನು ಅವರದೇ ಚರಿತ್ರೆಯನ್ನು ನೆನಪಿಸುವುದುಂಟು. 1942ರ ಕಾಫಿ ಕಾಯ್ದೆಯ ನಂತರ ಬೆಳೆಗಾರರು ತಮ್ಮ ಕಾಫಿಯನ್ನು ಮಂಡಳಿಯ ಪೂಲಿಗೆ ಒಪ್ಪಿಸಬೇಕಿತ್ತು. ಬೆಲೆ ಎಷ್ಟು ಬರುತ್ತದೋ, ಕಂತು ಯಾವಾಗ ಬರುತ್ತದೋ, ಅದು ಅವರ ಕೈಯಲ್ಲಿರಲಿಲ್ಲ. 1992ರಿಂದ ಈ ಕಟ್ಟು ಹಂತಹಂತವಾಗಿ ಸಡಿಲಗೊಂಡು 1996ರ ಹೊತ್ತಿಗೆ ಮಾರಾಟ ಪೂರ್ತಿ ಬಿಡುವಾಯಿತು. ಅಂದಿನಿಂದ ನಮ್ಮ ಬೆಳೆಗಾರರು ಬೆಳಗಾಗೆದ್ದು ಮೊದಲು ಕೇಳುವುದೇ ಇವತ್ತಿನ ರೇಟನ್ನು. ಸಕಲೇಶಪುರದ ವ್ಯಾಪಾರಿ ಒಂದು ದರ ಹೇಳಿದರೆ ಚಿಕ್ಕಮಗಳೂರಿಗೆ ಫೋನು ಮಾಡುತ್ತಾರೆ, ಕುಶಾಲನಗರಕ್ಕೂ ಮಾಡುತ್ತಾರೆ, ಯಾರು ಹೆಚ್ಚು ಕೊಡುತ್ತಾರೋ ಅವರಿಗೆ ಮೂಟೆ ಹಾಕುತ್ತಾರೆ. ಅದನ್ನು ಯಾರೂ ದುರಾಸೆ ಎನ್ನುವುದಿಲ್ಲ, ವ್ಯವಹಾರ ಎನ್ನುತ್ತಾರೆ. ತನ್ನ ಬೆಳೆಗೆ ಬೆಲೆ ಕೇಳುವುದು ಧಣಿಗೆ ವ್ಯವಹಾರವಾದರೆ, ತನ್ನ ದುಡಿಮೆಗೆ ಬೆಲೆ ಕೇಳುವುದು ಆಳಿಗೆ ಸೊಕ್ಕು ಹೇಗಾಗುತ್ತದೆ?

ಓದಿದ ಮನೆತನಗಳಲ್ಲಿ ಈ ಮೌನಕ್ಕೆ ಇನ್ನೊಂದು ಕಾರಣವಿದೆ. ನಮ್ಮ ತಂದೆತಾಯಿಯರ ಕಾಲದಲ್ಲಿ ಕೆಲಸವೆಂದರೆ ಸರಕಾರದ ಕೆಲಸ. ಅಲ್ಲಿ ವೇತನಶ್ರೇಣಿ ಅರ್ಜಿ ಕರೆಯುವಾಗಲೇ ಅಚ್ಚಾಗಿರುತ್ತದೆ, ಚೌಕಾಸಿಗೆ ಎಡೆಯಿಲ್ಲ. ಕೇಳುವ ಅಗತ್ಯವೇ ಬೀಳದ ಕಾರಣ ಕೇಳುವ ಅಭ್ಯಾಸವೂ ಆಗಲಿಲ್ಲ. ಈಗ ಸರಕಾರಿ ಹುದ್ದೆ ನೂರರಲ್ಲಿ ಒಬ್ಬರಿಗೆ ಸಿಕ್ಕರೆ ಹೆಚ್ಚು. ಉಳಿದವರು ಖಾಸಗಿ ಶಾಲೆ, ನರ್ಸಿಂಗ್ ಹೋಂ, ರೆಸಾರ್ಟು, ಹಾಸನದ ಬಟ್ಟೆ ಕಾರ್ಖಾನೆ, ಬೆಂಗಳೂರಿನ ಕಂಪೆನಿ ಎಂದು ಹೋಗುತ್ತಾರೆ. ಕಾಲ ಬದಲಾಯಿತು, ಮನೆಯ ಬುದ್ಧಿಮಾತು ಮಾತ್ರ ಹಳೆಯದೇ ಉಳಿಯಿತು.

ನಾವು ಶಾಲೆಯಲ್ಲಿ ಕಲಿಸುವ ಪತ್ರಲೇಖನವನ್ನೇ ನೋಡಿ. ಕೆಲಸಕ್ಕೆ ಅರ್ಜಿ ಬರೆಯಿರಿ ಎಂದರೆ ಮಕ್ಕಳು ಬರೆಯುವುದು ಬೇಡಿಕೊಳ್ಳುವ ಭಾಷೆಯನ್ನು. ದಯಮಾಡಿ, ಕೃಪೆಯಿಟ್ಟು, ಬಡವರಾದ ನಮ್ಮ ಮೇಲೆ ಕನಿಕರ ತೋರಿ, ಕೊನೆಗೆ ಇಂತಿ ತಮ್ಮ ವಿಧೇಯ. ತಾನು ಏನು ಬಲ್ಲೆ, ಏನು ಮಾಡಬಲ್ಲೆ ಎಂಬುದಕ್ಕೆ ಒಂದು ಸಾಲು, ಕನಿಕರಕ್ಕೆ ನಾಲ್ಕು ಸಾಲು. ಕೆಲಸವೆನ್ನುವುದು ಕೊಟ್ಟು ತೆಗೆದುಕೊಳ್ಳುವ ವ್ಯವಹಾರ, ಭಿಕ್ಷೆಯಲ್ಲ ಎಂಬ ಅರಿವೇ ಆ ಕಾಗದದಲ್ಲಿ ಕಾಣುವುದಿಲ್ಲ. ಹದಿನೈದು ವರ್ಷದ ಹುಡುಗಿ ಹೀಗೆ ಬರೆದು ಹತ್ತಕ್ಕೆ ಹತ್ತು ಅಂಕ ಪಡೆದರೆ, ಇಪ್ಪತ್ತೆರಡನೆಯ ವಯಸ್ಸಿನಲ್ಲಿ ಆಕೆ ಸಂದರ್ಶನದ ಕೋಣೆಯಲ್ಲಿ ತಲೆ ಎತ್ತಿ ಮಾತಾಡುತ್ತಾಳೆಂದು ನಿರೀಕ್ಷಿಸುವುದು ಹೇಗೆ?

ನನಗೆ ಗೊತ್ತಿರುವ ಒಂದು ಖಾಸಗಿ ಶಾಲೆಯ ಸಂಗತಿ ಹೇಳುತ್ತೇನೆ, ಹೆಸರು ಬೇಡ. ಅಲ್ಲಿ ಕೆಲಸಕ್ಕೆ ಬಂದ ಬಿ.ಎಡ್. ಹುಡುಗಿಯರನ್ನು ಎಲ್ಲವನ್ನೂ ಕೇಳುತ್ತಿದ್ದರು. ಮದುವೆ ಯಾವಾಗ, ಗಂಡನ ಮನೆ ಎಲ್ಲಿ, ಮಕ್ಕಳು ಯಾವಾಗ ಎಂಬುದನ್ನೂ ಕೇಳುತ್ತಿದ್ದರು. ಸಂಬಳದ ಮಾತು ಮಾತ್ರ ಕೆಲಸಕ್ಕೆ ಸೇರಿ ತಿಂಗಳಾದ ಮೇಲೆ, ಬಟವಾಡೆಯ ದಿನ ಗೊತ್ತಾಗುತ್ತಿತ್ತು. ರಿಜಿಸ್ಟರಿನಲ್ಲಿ ಸಹಿ ಹಾಕಿಸಿಕೊಳ್ಳುವ ಮೊತ್ತ ಒಂದು, ಕವರಿನಲ್ಲಿ ಬರುವ ಮೊತ್ತ ಇನ್ನೊಂದು. ಒಬ್ಬಳು ಮಾತ್ರ ಸಂದರ್ಶನದ ದಿನವೇ "ಸಾರ್, ಸಂಬಳ ಎಷ್ಟು, ಬ್ಯಾಂಕಿಗೆ ಹಾಕ್ತೀರಾ, ಬೇಸಿಗೆ ರಜೆಯ ಎರಡು ತಿಂಗಳಿಗೂ ಕೊಡ್ತೀರಾ?" ಎಂದು ಕೇಳಿದಳಂತೆ. ಆಕೆಯನ್ನು ತೆಗೆದುಕೊಳ್ಳಲಿಲ್ಲ. ಊರಿನಲ್ಲಿ "ಬಾಯಿ ಜೋರು" ಎಂದು ಹೆಸರಾಯಿತು. ಆಕೆ ಬೇರೊಂದು ಊರಿನ ಶಾಲೆಯಲ್ಲಿ ಕೇಳಿದ್ದಕ್ಕೆಲ್ಲ ಉತ್ತರ ಪಡೆದು ಸೇರಿಕೊಂಡಳು. ಕೇಳದೆ ಸೇರಿದವರು ಒಬ್ಬೊಬ್ಬರಾಗಿ, ಹೇಳದೆ ಕೇಳದೆ ನಡುವರ್ಷದಲ್ಲಿ ಬಿಟ್ಟುಹೋದರು. ಶುರುವಿನಲ್ಲಿ ಮಾತಾಡಿದವಳು ಒರಟಳೋ, ನಡುವೆ ಕೈಬಿಟ್ಟವರು ಒರಟರೋ, ನೀವೇ ಹೇಳಿ.

ಎರಡನೆಯ ಬುದ್ಧಿಮಾತಿನ ದೋಷ ಇಲ್ಲಿಂದಲೇ ಕಾಣಿಸಲು ತೊಡಗುತ್ತದೆ. ಒಪ್ಪಿಕೊಂಡು ಬಾರದೆ ಇರುವುದನ್ನು ಜಾಣತನವೆಂದು ಹೊಗಳುವವರು ಅದರ ಪೆಟ್ಟು ಯಾರಿಗೆ ಬೀಳುತ್ತದೆಂದು ನೋಡುವುದಿಲ್ಲ. ಮೇ ತಿಂಗಳಲ್ಲಿ ಹೂಂ ಎಂದ ಗಣಿತದ ಟೀಚರು ಜೂನಿನಲ್ಲಿ ಫೋನು ಎತ್ತದಿದ್ದರೆ ಆಡಳಿತ ಮಂಡಳಿಯವರಿಗೆ ಒಂದು ಪೈಸೆಯೂ ನಷ್ಟವಿಲ್ಲ. ನಷ್ಟವಾಗುವುದು ಹತ್ತನೆಯ ತರಗತಿಯ ಮಕ್ಕಳಿಗೆ. ಅದೇ ಹುದ್ದೆಗೆ ಎರಡನೆಯವಳಾಗಿ ಬಂದು, "ಬೇರೆಯವರು ಸಿಕ್ಕಿದ್ದಾರೆ" ಎಂಬ ಉತ್ತರ ಕೇಳಿ ಬಸ್ಸು ಹತ್ತಿ ಹೋದ ಇನ್ನೊಬ್ಬ ಹುಡುಗಿಗೂ ನಷ್ಟವೇ. ಕೊಯ್ಲಿನ ಕಾಲದಲ್ಲಿ ಎರಡು ತೋಟದಿಂದ ಮುಂಗಡ ಪಡೆದು ಮೂರನೆಯ ತೋಟಕ್ಕೆ ಹೋಗುವವರ ಬಗ್ಗೆ ನಮ್ಮಲ್ಲಿ ದೂರು ಕೇಳುತ್ತಲೇ ಇರುತ್ತೇವೆ. ಆ ದೂರನ್ನೇ ಹೇಳಿ ರೈಟರು ಮುಂದಿನ ವರ್ಷ ಬಂದ ಪ್ರಾಮಾಣಿಕ ಹೆಣ್ಣಾಳಿಗೂ ಕೂಲಿ ಹಿಡಿದಿಟ್ಟುಕೊಳ್ಳುತ್ತಾರೆ. ಹೀಗೆ ಒಬ್ಬರು ಮುರಿದ ಮಾತಿನ ದಂಡವನ್ನು ಹಿಂದೆ ಬಂದವರು ಕಟ್ಟಬೇಕಾಗುತ್ತದೆ.

ಇದರ ದೊಡ್ಡ ಉದಾಹರಣೆ ನಮ್ಮ ರಾಜ್ಯದಲ್ಲೇ ನಡೆಯಿತು. 545 ಪೊಲೀಸ್ ಸಬ್ ಇನ್ಸ್‌ಪೆಕ್ಟರ್ ಹುದ್ದೆಗಳಿಗೆ 2021ರ ಅಕ್ಟೋಬರಿನಲ್ಲಿ ಪರೀಕ್ಷೆ ನಡೆಯಿತು. ದುಡ್ಡು ಕೊಟ್ಟು ಉತ್ತರಪತ್ರಿಕೆ ತುಂಬಿಸಿಕೊಂಡವರ ಹಗರಣ ಬಯಲಾಗಿ 2022ರ ಏಪ್ರಿಲಿನಲ್ಲಿ ಸರಕಾರ ಇಡೀ ನೇಮಕಾತಿಯನ್ನೇ ರದ್ದು ಮಾಡಿತು. ಮರುಪರೀಕ್ಷೆ ನಡೆದದ್ದು 2024ರ ಜನವರಿಯಲ್ಲಿ. ಮೋಸ ಮಾಡಿದವರು, ಮಾಡಿಸಿದವರು ಸೆರೆಗೆ ಹೋದರು, ಸರಿ. ಆದರೆ ಹಗಲಿರುಳು ಓದಿ ನ್ಯಾಯವಾಗಿ ತೇರ್ಗಡೆಯಾದವರು ಏನು ತಪ್ಪು ಮಾಡಿದ್ದರು? ಅವರ ಎರಡು ವರ್ಷಗಳನ್ನು ಕೊಡುವವರು ಯಾರು? ಹಳೆಯ ಸಂಬಳ ಕೇಳಿದಾಗ ಒಂದಿಷ್ಟು ಸೇರಿಸಿ ಹೇಳುವುದನ್ನೂ, ಇಲ್ಲದ ಅನುಭವಕ್ಕೆ ಪ್ರಮಾಣಪತ್ರ ಮಾಡಿಸುವುದನ್ನೂ ಸಣ್ಣ ಸುಳ್ಳೆಂದು ನಮ್ಮ ಹುಡುಗಿಯರು ನಗುತ್ತಾರೆ. ಗಾತ್ರದಲ್ಲಿ ಸಣ್ಣದಿರಬಹುದು, ಜಾತಿ ಒಂದೇ. ನಿಜ ಹೇಳಿದವಳು ಕಡಿಮೆ ಸಂಬಳಕ್ಕೆ ಸೇರುವಂತೆ ಮಾಡುವುದು ಅದೇ ಸುಳ್ಳು.

ಹಾಗೆಂದು ತಪ್ಪೆಲ್ಲ ಕೆಲಸ ಕೇಳುವವರದು ಎಂದು ತೀರ್ಪು ಕೊಟ್ಟರೆ ಅನ್ಯಾಯವಾದೀತು. ಮಾತು ಮುರಿಯುವುದನ್ನು ಹುಡುಗರಿಗೆ ಕಲಿಸಿದವರು ಯಾರು? ಇನ್ಫೋಸಿಸ್‌ನಿಂದ 2022ರಲ್ಲಿ ಆಯ್ಕೆಪತ್ರ ಪಡೆದ ಸುಮಾರು ಎರಡು ಸಾವಿರ ಮಂದಿ ಎರಡು ವರ್ಷವಾದರೂ ಕೆಲಸಕ್ಕೆ ಕರೆಬಾರದೆ ಕಾಯುತ್ತಿದ್ದಾರೆಂದು ಐ.ಟಿ. ನೌಕರರ ಸಂಘಟನೆಯೊಂದು 2024ರಲ್ಲಿ ದೂರು ಕೊಟ್ಟಿತು. ಆಮೇಲೆ ಸೇರಿಸಿಕೊಂಡವರಲ್ಲಿ ಮುನ್ನೂರಕ್ಕೂ ಹೆಚ್ಚು ಮಂದಿಯನ್ನು 2025ರ ಫೆಬ್ರವರಿಯಲ್ಲಿ ಮೈಸೂರಿನ ತರಬೇತಿ ಕೇಂದ್ರದಿಂದ ಮನೆಗೆ ಕಳಿಸಲಾಯಿತು. ಮೂರು ಸಲ ಅವಕಾಶ ಕೊಟ್ಟರೂ ಪರೀಕ್ಷೆಯಲ್ಲಿ ತೇರ್ಗಡೆಯಾಗಲಿಲ್ಲ ಎಂಬುದು ಕಂಪೆನಿಯ ವಿವರಣೆ. ಅದು ನಿಯಮದ ಪ್ರಕಾರ ಸರಿಯಿರಬಹುದು. ಆದರೆ ಎರಡು ವರ್ಷ ಕಾಯಿಸುವ ಹಕ್ಕು ಒಂದು ಕಡೆಗೆ ಇದ್ದು, ಎರಡು ದಿನ ಯೋಚಿಸುವ ಹಕ್ಕು ಇನ್ನೊಂದು ಕಡೆಗೆ ಇಲ್ಲದಿದ್ದರೆ, ನಾಲ್ಕು ಕಡೆ ಹೂಂ ಅನ್ನುವ ಚಾಳಿ ಹುಟ್ಟದೆ ಇನ್ನೇನು? ಚಾಳಿ ಹುಟ್ಟಿದ ಕಾರಣ ಅರ್ಥವಾಗುತ್ತದೆ. ಕಾರಣ ಅರ್ಥವಾದ ಮಾತ್ರಕ್ಕೆ ಅದು ಒಳ್ಳೆಯದಾಗುವುದಿಲ್ಲ, ಅಷ್ಟೇ.

ಸಹಿ ಹಾಕುವ ಮೊದಲು ಓದುವುದರ ಬಗ್ಗೆಯೂ ಒಂದು ಮಾತು. ಮಂಗಳೂರಿನಲ್ಲಿ 1931ರಲ್ಲಿ ಹುಟ್ಟಿ 2019ರಲ್ಲಿ ಬ್ಯಾಂಕ್ ಆಫ್ ಬರೋಡಾದಲ್ಲಿ ಸೇರಿಹೋದ ನಮ್ಮ ವಿಜಯಾ ಬ್ಯಾಂಕಿನ ಒಂದು ಪ್ರಕರಣವಿದೆ. ಮೂರು ವರ್ಷ ತುಂಬುವ ಮೊದಲು ಬಿಟ್ಟರೆ ಎರಡು ಲಕ್ಷ ರೂಪಾಯಿ ಕಟ್ಟಬೇಕೆಂಬ ಕರಾರಿಗೆ ಸಹಿ ಹಾಕಿ 2007ರಲ್ಲಿ ಹುದ್ದೆಗೆ ಬಂದ ಅಧಿಕಾರಿಯೊಬ್ಬರು 2009ರಲ್ಲಿ ಬೇರೆ ಬ್ಯಾಂಕಿಗೆ ಹೊರಟರು. ಆಕ್ಷೇಪ ಬರೆದುಕೊಟ್ಟೇ ಹಣ ಕಟ್ಟಿದರು, ನಂತರ ನ್ಯಾಯಾಲಯಕ್ಕೆ ಹೋದರು. ಕರ್ನಾಟಕ ಹೈಕೋರ್ಟು ಅವರ ಪರವಾಗಿ ಹೇಳಿತು. ಸುಪ್ರೀಂ ಕೋರ್ಟು 2025ರ ಮೇ ತಿಂಗಳಲ್ಲಿ ಬ್ಯಾಂಕಿನ ಪರವಾಗಿ ತೀರ್ಪು ಕೊಟ್ಟಿತು. ಸರಕಾರಿ ಬ್ಯಾಂಕು ಪತ್ರಿಕೆಯಲ್ಲಿ ಪ್ರಕಟಿಸಿ, ಪರೀಕ್ಷೆ ನಡೆಸಿ ಜನರನ್ನು ಆರಿಸಬೇಕು, ನಡುವೆ ಬಿಟ್ಟರೆ ಆ ಖರ್ಚೆಲ್ಲ ಮತ್ತೆ ಬೀಳುತ್ತದೆ ಎಂಬುದು ಅದರ ತರ್ಕ. ಇದರಿಂದ ಎಲ್ಲ ಕಡೆಯ ಎಲ್ಲ ಬಾಂಡುಗಳೂ ಸಿಂಧುವೆಂದು ತಿಳಿಯಬೇಕಿಲ್ಲ. ಆದರೆ "ಎಲ್ಲರೂ ಹಾಕ್ತಾರೆ, ಸುಮ್ಮನೆ ಸಹಿ ಹಾಕು" ಎನ್ನುವ ಮಾತನ್ನು ನಂಬಬಾರದೆಂದಂತೂ ತಿಳಿಯಬೇಕು. ಸೀರೆ ಕೊಳ್ಳುವಾಗ ಸೆರಗು ಬಿಚ್ಚಿಸಿ, ಬೆಳಕಿಗೆ ಹಿಡಿದು ನೋಡುವ ನಾವು, ಮೂರು ವರ್ಷದ ಬದುಕನ್ನು ಬರೆದುಕೊಡುವ ಕಾಗದವನ್ನು ಓದದೆ ಸಹಿ ಹಾಕುತ್ತೇವೆ.

ಹೆಂಗಸರು ಕೇಳುವುದೇ ಇಲ್ಲ, ಅದಕ್ಕೇ ಅವರಿಗೆ ಕಡಿಮೆ ಸಿಗುತ್ತದೆ ಎನ್ನುವ ವಾದ ಅಮೆರಿಕದಲ್ಲೂ ಇದೆ. ಲಿಂಡಾ ಬ್ಯಾಬ್‌ಕಾಕ್, ಸಾರಾ ಲಾಶೆವರ್ ಎಂಬಿಬ್ಬರು 2003ರಲ್ಲಿ ಈ ಕುರಿತು ಬರೆದ ಪುಸ್ತಕ ಬಹಳ ಹೆಸರು ಮಾಡಿತು. ಅದರ ಮಾತಿನಲ್ಲಿ ಹುರುಳಿದೆ. ಆದರೆ ಕೇಳಲು ಕಲಿತರೆ ಎಲ್ಲ ಸರಿಹೋಗುತ್ತದೆ ಎಂದು ಆ ಪುಸ್ತಕದಿಂದ ಪಾಠ ತೆಗೆಯುವವರನ್ನು ನಾನು ಒಪ್ಪಲಾರೆ. ಆಸ್ಟ್ರೇಲಿಯಾದ ಸಾವಿರಾರು ನೌಕರರ ಮಾಹಿತಿಯನ್ನು ಆಧರಿಸಿ 2018ರಲ್ಲಿ ಪ್ರಕಟವಾದ ಅಧ್ಯಯನವೊಂದು, ಅಲ್ಲಿ ಹೆಂಗಸರೂ ಗಂಡಸರಷ್ಟೇ ಕೇಳುತ್ತಾರೆ, ಆದರೆ ಕೇಳಿದಾಗ ಸಿಗುವುದು ಕಡಿಮೆ ಎಂದು ತೋರಿಸಿತು. ನಮ್ಮ ತೋಟಗಳಲ್ಲಿ ಗಂಡಾಳಿಗೊಂದು ಕೂಲಿ, ಹೆಣ್ಣಾಳಿಗೊಂದು ಕೂಲಿ ಎಂದಿರುವ ಕಡೆ, ಹೆಣ್ಣಾಳು ಕೇಳಲಿಲ್ಲವೆಂದು ಹಾಗಾಯಿತೇ? ಸಮಾನ ವೇತನದ ಕಾಯ್ದೆ ಬಂದದ್ದು 1976ರಲ್ಲಿ, 2019ರ ವೇತನ ಸಂಹಿತೆಯೂ ಅದನ್ನೇ ಹೇಳುತ್ತದೆ. ಹಾಗಾಗಿ ಒಬ್ಬಳೇ ಕೇಳುವುದು ಸಾಲದು, ಕೇಳಿದವಳನ್ನು ಉಳಿದವರು ಜರೆಯದೆ ಇರುವುದೂ ಬೇಕು. "ಬಾಯಿ ಜೋರು" ಎಂಬ ಬಿರುದನ್ನು ಮೊದಲು ಕೊಡುವವರು ಎಷ್ಟೋ ಸಲ ನಾವು ಹೆಂಗಸರೇ.

ಹಾಗಾದರೆ ಕೆಲಸ ಕೇಳಿಕೊಂಡು ಹೋಗುವವಳ ನಡತೆ ಹೇಗಿರಬೇಕು? ಸಂಬಳವೆಷ್ಟು, ಕೆಲಸದ ವೇಳೆಯೆಷ್ಟು, ರಜೆಯೆಷ್ಟು, ಪಿ.ಎಫ್. ಇದೆಯೇ ಎಂಬುದನ್ನು ಒಪ್ಪುವ ಮೊದಲೇ ಕೇಳಬೇಕು, ಮೆಲುದನಿಯಲ್ಲಿ, ಆದರೆ ಸ್ಪಷ್ಟವಾಗಿ. ಹೇಳಿದ್ದನ್ನು ಕಾಗದದಲ್ಲಿ ಪಡೆಯಬೇಕು. ಪ್ರತಿಯೊಬ್ಬ ನೌಕರರಿಗೂ ನೇಮಕಾತಿ ಪತ್ರ ಕೊಡಬೇಕೆಂದು 2020ರ ಔದ್ಯೋಗಿಕ ಸುರಕ್ಷೆಯ ಸಂಹಿತೆಯಲ್ಲಿ ಬರೆದಿದೆ, ಆದ್ದರಿಂದ ಪತ್ರ ಕೇಳುವುದು ಅಧಿಕಪ್ರಸಂಗವಲ್ಲ. ಹಳೆಯ ಸಂಬಳವನ್ನು ಕೇಳಿದರೆ ನಿಜ ಹೇಳಬೇಕು, ಇಲ್ಲವೇ "ಈ ಕೆಲಸಕ್ಕೆ ನನ್ನ ನಿರೀಕ್ಷೆ ಇಷ್ಟು" ಎಂದು ಹೇಳಿ ಸುಮ್ಮನಿರಬೇಕು. ಹೇಳದೆ ಇರುವುದು ಬೇರೆ, ಸುಳ್ಳು ಹೇಳುವುದು ಬೇರೆ. ಐರೋಪ್ಯ ಒಕ್ಕೂಟವು 2023ರಲ್ಲಿ ತನ್ನ ದೇಶಗಳಿಗೆ ಕೊಟ್ಟ ನಿರ್ದೇಶನದಲ್ಲಿ, ಕೆಲಸ ಕೊಡುವವರು ಹಳೆಯ ಸಂಬಳವನ್ನು ಕೇಳಲೇಬಾರದು, ಹುದ್ದೆಯ ಸಂಬಳವನ್ನು ತಾವೇ ಮೊದಲು ತಿಳಿಸಬೇಕು ಎಂದಿದೆ. ಅಂಥ ದಿನ ನಮ್ಮಲ್ಲೂ ಬರಲಿ.

ಯೋಚಿಸಲು ಎರಡು ದಿನ ಬೇಕಿದ್ದರೆ ಬೇಕೆಂದು ಕೇಳಬೇಕು. ಎರಡು ಕಡೆ ಮಾತಾಡುವುದು ತಪ್ಪಲ್ಲ, ಎರಡು ಕಡೆ ಮಾತು ಕೊಡುವುದು ತಪ್ಪು. ಹೂಂ ಎಂದ ಮೇಲೆ ಮನೆಯಲ್ಲಿ ಕಾಯಿಲೆ ಬರಬಹುದು, ಮದುವೆ ಗೊತ್ತಾಗಬಹುದು, ನಿಜವಾಗಿಯೂ ಉತ್ತಮವಾದ ಕೆಲಸ ಸಿಗಬಹುದು, ಮನುಷ್ಯರ ಬಾಳಿನಲ್ಲಿ ಇದೆಲ್ಲ ಇದ್ದದ್ದೇ. ಆಗ ಅಂದೇ ಫೋನು ಮಾಡಿ "ಸಾರ್, ನನಗೆ ಬರಲು ಆಗುತ್ತಿಲ್ಲ, ಬೇರೆಯವರನ್ನು ನೋಡಿಕೊಳ್ಳಿ" ಎನ್ನಬೇಕು. ಒಂದು ನಿಮಿಷದ ಮಾತು. ಆ ಒಂದು ನಿಮಿಷ ಗಂಟಲು ಕಟ್ಟುತ್ತದೆ, ಕೈ ನಡುಗುತ್ತದೆ, ಬೈಗುಳವೂ ಬೀಳಬಹುದು. ಆದರೂ ಆ ಮಾತನ್ನು ಆಡಿದರೆ ಸಾಲಿನಲ್ಲಿ ನಿಂತ ಇನ್ನೊಬ್ಬಳಿಗೆ ಕೆಲಸ ಸಿಗುತ್ತದೆ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂದು ನಮ್ಮ ಹಿರಿಯರು ಹೇಳಿದ್ದು ಸುಮ್ಮನೆ ಅಲ್ಲ.

ತಾಯಂದಿರೂ ಇದರಲ್ಲಿ ಕೈಜೋಡಿಸಬೇಕು. ಮಗಳು ಸಂದರ್ಶನಕ್ಕೆ ಹೊರಟಾಗ ಹಣೆಗೆ ಕುಂಕುಮವಿಟ್ಟು, ಮೊಸರು ಸಕ್ಕರೆ ಕೊಟ್ಟು ಕಳಿಸುತ್ತೀರಿ. ಸಂತೋಷ. ಹಾಗೆಯೇ "ಸಂಬಳ ಕೇಳಿಕೊಂಡು ಬಾ, ಒಪ್ಪಿದರೆ ಮಾತು ಉಳಿಸಿಕೋ" ಎಂದೂ ಹೇಳಿ ಕಳಿಸಿ. ನನ್ನ ತರಗತಿಯಲ್ಲಿ ಈಗ ಅರ್ಜಿಯ ಪತ್ರ ಬರೆಸುವಾಗ ಕನಿಕರದ ಸಾಲುಗಳನ್ನು ಹೊಡೆದುಹಾಕಿಸಿ ಎರಡು ಸಾಲು ಸೇರಿಸುತ್ತೇನೆ. ನನಗೆ ಬರುವ ಕೆಲಸ ಇಂಥಿಂಥದ್ದು ಎಂಬುದು ಒಂದು. ಸಂಬಳ ಹಾಗೂ ಷರತ್ತುಗಳನ್ನು ತಿಳಿಸಿದರೆ ಇಂಥ ದಿನದೊಳಗೆ ಉತ್ತರ ಕೊಡುತ್ತೇನೆ ಎಂಬುದು ಇನ್ನೊಂದು. ಪರೀಕ್ಷೆಯ ಉತ್ತರಪತ್ರಿಕೆಯಲ್ಲಿ ಇದಕ್ಕೆ ಹೆಚ್ಚು ಅಂಕ ಸಿಗುವುದಿಲ್ಲ. ಮುಂದೆ ಎಂದಾದರೂ, ಯಾವುದೋ ಊರಿನ ಆಫೀಸಿನಲ್ಲಿ, ಮೇಜಿನ ಈಚೆ ಕೂತ ಹುಡುಗಿಗೆ ಆ ಎರಡು ಸಾಲು ನೆನಪಾದರೆ ಸಾಕು.